ಗಲ್ಫ್ ಬೇಸಿಗೆಯಲ್ಲಿ ಆಫೀಸಿಗೆ ಏನು ಹಾಕಿಕೊಳ್ಳಬೇಕು, ತಂಪಾಗಿರುವುದು ಹೇಗೆ?

ಪ್ರತಿ ವರ್ಷ ಏಪ್ರಿಲ್ ಕೊನೆಗೆ ನನ್ನ ಫೋನಿಗೆ ಒಂದೇ ತರದ ಮೆಸೇಜುಗಳು ಬರಲು ಶುರುವಾಗುತ್ತವೆ. “ಅಣ್ಣಾ, ಜೂನ್‌ನಲ್ಲಿ ದುಬೈಗೆ ಬರ್ತಾ ಇದ್ದೀನಿ. ಆಫೀಸಲ್ಲಿ ಫಾರ್ಮಲ್ಸ್ ಕಡ್ಡಾಯ ಅಂತೆ. ಆಗಾಗ ಸೈಟಿಗೂ ಹೋಗ್ಬೇಕಂತೆ. ಎಂಥ ಬಟ್ಟೆ ತರ್ಲಿ?” ಒಬ್ಬೊಬ್ಬರಿಗೇ ಉತ್ತರ ಟೈಪ್ ಮಾಡಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಸಲ ಕೂತು ಬರೆದಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಲಿ. ಊರಲ್ಲಿ ಸೆಖೆ ಜಾಸ್ತಿಯಾದರೆ ನಾವು ಅಂಗಿ ಬಿಚ್ಚಿ, ಪಂಚೆ ಎತ್ತಿ ಕಟ್ಟಿ ಜಗಲಿ ಮೇಲೆ ಕೂರುತ್ತೇವೆ. ಮರುಭೂಮಿಯಲ್ಲಿ ಆ ಲೆಕ್ಕ ಉಲ್ಟಾ. ನಮ್ಮ ಚರ್ಮ ಸುಮಾರು 35 ಡಿಗ್ರಿ ಇರುತ್ತದೆ. ಗಾಳಿಯೇ 45 ಡಿಗ್ರಿ ಇದ್ದರೆ ಅದು ಮೈಗೆ ಬಿಸಿ ತುಂಬುತ್ತದೆಯೇ ಹೊರತು ತಂಪು ಕೊಡುವುದಿಲ್ಲ. ಆಗ ಉಳಿಯುವ ದಾರಿ ಒಂದೇ, ಬೆವರು ಆರುವುದು. ಹಾಗಾಗಿ ಬಟ್ಟೆ ಎರಡು ಕೆಲಸ ಮಾಡಬೇಕು. ಬಿಸಿಲು ಮೈಗೆ ತಾಗದಂತೆ ತಡೆಯಬೇಕು, ಬೆವರು ಆರಲು ಗಾಳಿಗೆ ದಾರಿ ಬಿಡಬೇಕು. ಇಲ್ಲಿನ ಗಂಡಸರು ಹಾಕುವ ಉದ್ದ ನಿಲುವಂಗಿ, ಅಂದರೆ ಕಂದೂರ ನೋಡಿ. ಕುತ್ತಿಗೆಯಿಂದ ಹಿಮ್ಮಡಿವರೆಗೆ ಮುಚ್ಚಿರುತ್ತದೆ, ಆದರೆ ಒಳಗೆ ಗಾಳಿ ಆಡುತ್ತಿರುತ್ತದೆ. ನಾವು ಅದೇ ಉಪಾಯವನ್ನು ಅಂಗಿ, ಪ್ಯಾಂಟಿಗೆ ತರಬೇಕು, ಅಷ್ಟೇ.

ಇನ್ನೊಂದು ತಾಪತ್ರಯ ಎಸಿ. ಹೊರಗೆ 45, ಒಳಗೆ 20. ದಿನಕ್ಕೆ ಹತ್ತು ಸಲ ಈ ಎರಡು ಹವೆಗಳ ನಡುವೆ ಓಡಾಡಬೇಕು. ಬೆನ್ನು ಒದ್ದೆಯಾಗಿ ಮೀಟಿಂಗ್ ರೂಮಿಗೆ ಹೋಗಿ ಕೂತರೆ ಐದೇ ನಿಮಿಷಕ್ಕೆ ಚಳಿ ಹಿಡಿಯುತ್ತದೆ.

1. ನಿಮ್ಮ ಊರಿನ ಬಿಸಿಲು ಯಾವ ಜಾತಿಯದು, ತಿಳಿದುಕೊಳ್ಳಿ

ಗಲ್ಫ್ ಅಂದರೆ ಎಲ್ಲ ಕಡೆ ಒಂದೇ ಹವೆ ಅಲ್ಲ. ಕುವೈತ್, ರಿಯಾದ್ ಕಡೆ ಹೆಚ್ಚಾಗಿ ಒಣ ಬಿಸಿಲು. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿತ್ತು. ದುಬೈ, ಅಬುಧಾಬಿ, ದೋಹಾ, ದಮ್ಮಾಮ್ ಸಮುದ್ರದ ಪಕ್ಕದ ಊರುಗಳು. ಅಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನ ಜೊತೆ ತೇವವೂ ಸೇರಿಕೊಳ್ಳುತ್ತದೆ.

ಒಣ ಬಿಸಿಲಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಬಂದ ಕೂಡಲೇ ಆರಿಹೋಗುತ್ತದೆ. ‘ನನಗೇನೂ ಬೆವರೋದಿಲ್ಲಪ್ಪ’ ಅಂತ ನೀರು ಕುಡಿಯದೆ ಇರುತ್ತೀರಿ, ಸಂಜೆ ಕಪ್ಪು ಪ್ಯಾಂಟಿನ ಸೊಂಟದ ಹತ್ತಿರ ಬಿಳಿ ಉಪ್ಪಿನ ಗೆರೆ ಕಂಡಾಗ ಸತ್ಯ ತಿಳಿಯುತ್ತದೆ. ತೇವದ ಸೆಖೆಯಲ್ಲಿ ಬೆವರು ಆರುವುದೇ ಇಲ್ಲ, ಸುಮ್ನೆ ಹರಿದು ಹೋಗುತ್ತದೆ. ಬಟ್ಟೆ ಮೈಗೆ ಅಂಟುತ್ತದೆ. ರಾಯಚೂರು, ಕಲಬುರಗಿಯವರಿಗೆ ಮೊದಲನೆಯದು ಹೊಸತಲ್ಲ. ಮಂಗಳೂರು, ಉಡುಪಿಯವರಿಗೆ ಎರಡನೆಯದು ಹೊಸತಲ್ಲ. ಆದರೆ ಎರಡಕ್ಕೂ ಹತ್ತು ಡಿಗ್ರಿ ಕೂಡಿಸಿಕೊಳ್ಳಿ!

ಒಣ ಊರಿಗೆ ಹೋಗುವವರು ಮೈ ಪೂರ್ತಿ ಮುಚ್ಚುವ ಸಡಿಲ ಹತ್ತಿ ಬಟ್ಟೆ ತನ್ನಿ. ಸಮುದ್ರದ ಊರಿಗೆ ಹೋಗುವವರು ಬೇಗ ಒಣಗುವ ತೆಳು ಬಟ್ಟೆ ತನ್ನಿ. ಮಧ್ಯಾಹ್ನ ಬದಲಾಯಿಸಲು ಇನ್ನೊಂದು ಜೊತೆ ಕೈಯಲ್ಲಿರಲಿ.

2. ಬಟ್ಟೆ ಆರಿಸುವಾಗ

ಅಂಗಡಿಯಲ್ಲಿ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ. ಆ ಕಡೆ ಹಿಡಿದ ಕೈಗೆ ಉಸಿರು ಸಲೀಸಾಗಿ ತಾಗಿದರೆ ಆ ಬಟ್ಟೆ ಇಲ್ಲಿಗೆ ನಡೆಯುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಬಟ್ಟೆಯ ತೂಕವನ್ನು ಜಿಎಸ್‌ಎಂ ಎಂದು ಹೇಳುತ್ತಾರೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು ಅದರ ಅರ್ಥ. ಅಂಗಿಗೆ 100ರಿಂದ 130 ಸಾಕು. ಪ್ಯಾಂಟಿಗೆ 180ರಿಂದ 240. ಅಂಗಿ ಅದಕ್ಕಿಂತ ತೆಳುವಾದರೆ ಬನಿಯನ್ ಕಾಣುತ್ತದೆ, ಬಿಸಿಲೂ ಒಳಗೆ ನುಗ್ಗುತ್ತದೆ.

ಲಿನನ್‌ನಷ್ಟು ತಂಪು ಬಟ್ಟೆ ಇನ್ನೊಂದಿಲ್ಲ. ಆದರೆ ಕಾರಿನಲ್ಲಿ ಅರ್ಧ ಗಂಟೆ ಕೂತರೆ ಸಾಕು, ಇಸ್ತ್ರಿ ಹೋಗಿ ಮುದುಡಿದ ಪೇಪರಿನ ಹಾಗೆ ಆಗುತ್ತದೆ. ಬ್ಯಾಂಕು, ಸರ್ಕಾರಿ ಕಚೇರಿ, ಕ್ಲೈಂಟ್ ಮುಂದೆ ಅದು ಚೆನ್ನಾಗಿ ಕಾಣುವುದಿಲ್ಲ. ಹತ್ತಿ ಮತ್ತು ಲಿನನ್ ಬೆರೆಸಿದ ಬಟ್ಟೆ ತಗೊಳ್ಳಿ. ತಂಪೂ ಇರುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಎಲ್ಲರೂ ಬೀಳುವ ಹಳ್ಳ ಒಂದಿದೆ. ‘ರಿಂಕಲ್ ಫ್ರೀ’ ಅಂತ ಬರೆದಿರುವ, ಮುದುಡದ ಅಂಗಿಗಳು. ಲೇಬಲ್ ಮೇಲೆ ನೂರಕ್ಕೆ ನೂರು ಹತ್ತಿ ಅಂತಲೇ ಇರುತ್ತದೆ. ಸುಳ್ಳಲ್ಲ. ಆದರೆ ಮುದುಡದಿರಲಿ ಅಂತ ನೂಲಿಗೆ ರಾಳದಂಥ ರಾಸಾಯನಿಕ ಹಾಕಿರುತ್ತಾರೆ. ಬೆವರು ಹೀರುವ ಗುಣ ಕಡಿಮೆಯಾಗುತ್ತದೆ. ಊರಲ್ಲಿ ಎಂಟು ಅಂಗಿ ಒಟ್ಟಿಗೆ ತಗೊಂಡು ಬಂದು, ಇಲ್ಲಿ ಎರಡೇ ವಾರಕ್ಕೆ ಮೂಲೆಗೆ ಹಾಕಿದವರನ್ನು ನೋಡಿದ್ದೇನೆ. ಟೆರಿಕಾಟ್ ಅಂದರೆ ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ್ದು. ಅದರಲ್ಲಿ ಪಾಲಿಯೆಸ್ಟರ್ ಪಾಲು ಜಾಸ್ತಿಯಿದ್ದರೆ ಅದೂ ಬೇಡ.

ಪ್ಯಾಂಟಿಗೆ ಉಣ್ಣೆ ಅಂದರೆ ನಗಬೇಡಿ. ‘ಟ್ರಾಪಿಕಲ್ ವುಲ್’ ಅಂತ ಸಿಗುತ್ತದೆ. ಬಿಗಿಯಾಗಿ ಹುರಿ ಮಾಡಿದ ಸಣ್ಣ ನೂಲಿನಲ್ಲಿ, ಸಂದು ಬಿಟ್ಟು ನೇಯ್ದ ತೆಳು ಉಣ್ಣೆ. ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ, ವಾಸನೆ ಹಿಡಿಯುವುದಿಲ್ಲ, ರಾತ್ರಿ ತೂಗುಹಾಕಿದರೆ ಬೆಳಿಗ್ಗೆಗೆ ಸುಕ್ಕು ತಾನಾಗಿ ಬಿಡುತ್ತದೆ. ಬೆಲೆ ಜಾಸ್ತಿ. ಹಾಗಾಗಿ ಎರಡು ಸಾಕು.

ಬಣ್ಣದ ವಿಷಯದಲ್ಲಿ ಒಂದೇ ಎಚ್ಚರಿಕೆ. ತಿಳಿ ಬೂದು ಮತ್ತು ಗೆರೆಯಿಲ್ಲದ ನಡು ನೀಲಿ ಅಂಗಿ ಬೇಡ. ಒಂದು ಹನಿ ಬೆವರೂ ನಕ್ಷೆಯ ಹಾಗೆ ಕಾಣುತ್ತದೆ. ಬಿಳಿ, ಸಣ್ಣ ಗೆರೆಯ ತಿಳಿ ನೀಲಿ ಇವು ಮುಚ್ಚಿಕೊಳ್ಳುತ್ತವೆ. ಕಪ್ಪು ಹಾಕಿದರೆ ಸತ್ತೇ ಹೋಗುತ್ತೇವೆ ಅನ್ನುವ ಭಯವೂ ಬೇಡ. ಬೆದೂಯಿನ್ ಅನ್ನುವ ಅರಬ್ ಅಲೆಮಾರಿ ಜನ ಮರುಭೂಮಿಯಲ್ಲಿ ಕಪ್ಪು ನಿಲುವಂಗಿಯನ್ನೂ ಹಾಕುತ್ತಾರೆ. ಅದು ಯಾಕೆ ಅಂತ ಪರೀಕ್ಷೆ ಮಾಡಿದವರ ವರದಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕಪ್ಪು ಬಟ್ಟೆ ಬಿಸಿಯಾಗುವುದು ನಿಜ, ಆದರೆ ಅದು ಸಡಿಲವಾಗಿರುವುದರಿಂದ ಆ ಬಿಸಿ ಮೈಗೆ ತಲುಪುವ ಮೊದಲೇ ಹೊರಗೆ ಹೋಗುತ್ತದೆ ಅಂತ ಅವರು ಕಂಡುಕೊಂಡರು. ಬಣ್ಣಕ್ಕಿಂತ ಸಡಿಲ ಮುಖ್ಯ.

3. ಹೊಲಿಗೆ ಮತ್ತು ಒಳಬಟ್ಟೆ

ಸಾಧ್ಯವಾದರೆ ಊರಿನ ಟೈಲರ್ ಹತ್ತಿರವೇ ಹೊಲಿಸಿಕೊಂಡು ಬನ್ನಿ. ಈಗ ಫ್ಯಾಷನ್ ಆಗಿರುವ ಮೈಗಂಟುವ ಸ್ಲಿಮ್ ಫಿಟ್ ಬೇಡ ಅಂತ ಖಡಾಖಂಡಿತ ಹೇಳಿ. ಅಂಗಿಯ ಬೆನ್ನಿಗೆ ಎರಡು ಮಡಿಕೆ ಇಡಿಸಿ. ಕಾಲರಿನೊಳಗೆ ಎರಡು ಬೆರಳು ಹೋಗುವಂತಿರಲಿ. ತೋಳು ಪೂರ್ತಿ ಇರಲಿ. ಅರ್ಧ ತೋಳಿನಲ್ಲಿ ತಂಪು ಅನ್ನುವುದು ನೆರಳಿನಲ್ಲಿ ಮಾತ್ರ ನಿಜ, ಬಿಸಿಲಿಗೆ ಹೋದರೆ ಕೈ ಸುಡುತ್ತದೆ. ಪ್ಯಾಂಟಿಗೆ ಮುಂದೆ ಒಂದೊಂದು ನೆರಿಗೆ ಇಡಿಸಿ, ಒಳಪದರ ಬೇಡ ಅನ್ನಿ.

ಬನಿಯನ್ ಬಿಟ್ಟರೆ ತಂಪು ಅಂದುಕೊಳ್ಳುವವರು ಬಹಳ. ಬನಿಯನ್ ಇಲ್ಲದಿದ್ದರೆ ಬೆವರೆಲ್ಲ ನೇರ ಅಂಗಿಗೆ ಬರುತ್ತದೆ. ಹಾಕಲೇಬೇಕು. ಆದರೆ ನಮ್ಮ ಊರಿನ ತೋಳಿಲ್ಲದ ಬನಿಯನ್ ಕಂಕುಳನ್ನು ಮುಚ್ಚುವುದಿಲ್ಲ, ಮುಚ್ಚಬೇಕಾದದ್ದೇ ಅದು. ಸಣ್ಣ ತೋಳಿನ, ವಿ ಕುತ್ತಿಗೆಯ, ತೆಳು ಹತ್ತಿಯದು ತಗೊಳ್ಳಿ. ಬಿಳಿ ಅಂಗಿಯೊಳಗೆ ಬಿಳಿ ಬನಿಯನ್ ಎದ್ದು ಕಾಣುತ್ತದೆ, ಮೈಬಣ್ಣದ್ದು ಕಾಣುವುದಿಲ್ಲ. ಕನಿಷ್ಠ ಹತ್ತು ಇರಲಿ.

ಡಿಯೋಡರೆಂಟ್ ವಾಸನೆ ತಡೆಯುತ್ತದೆ, ಬೆವರನ್ನಲ್ಲ. ಬೆವರು ಕಡಿಮೆ ಮಾಡುವುದು ಆಂಟಿಪರ್ಸ್ಪಿರೆಂಟ್. ಅದರಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಬೆಳಿಗ್ಗೆ ಹಚ್ಚಿ ಆರುವ ಮೊದಲೇ ಬಿಳಿ ಅಂಗಿ ಹಾಕಿದರೆ ಕೆಲವೇ ದಿನಗಳಲ್ಲಿ ಕಂಕುಳಲ್ಲಿ ಹಳದಿ ಕಲೆ ಬೀಳುತ್ತದೆ, ಮತ್ತೆ ಯಾವ ಸೋಪಿಗೂ ಹೋಗುವುದಿಲ್ಲ. ರಾತ್ರಿ ಮಲಗುವ ಮೊದಲು ಒಣ ಚರ್ಮಕ್ಕೆ ಹಚ್ಚಿ. ಕೆಲಸವೂ ಚೆನ್ನಾಗಿ ಮಾಡುತ್ತದೆ. ಕಂಕುಳಿಗೆ ಮಾತ್ರ, ಮೈಗೆಲ್ಲ ಬೇಡ.

4. ಕೋಟು, ಟೈ

ಕೋಟು ಹಾಕಿಕೊಂಡು ಪಾರ್ಕಿಂಗ್‌ನಿಂದ ನಡೆಯಬೇಡಿ. ಒಂದು ಕೋಟು ಆಫೀಸಿನಲ್ಲೇ ತೂಗುಹಾಕಿಡಿ, ಒಳಪದರ ಅರ್ಧ ಮಾತ್ರ ಇರುವಂಥದ್ದು. ಟೈ ಸುತ್ತಿ ಬ್ಯಾಗಿನಲ್ಲಿರಲಿ. ಲಿಫ್ಟಿನಲ್ಲಿ ಟೈ ಕಟ್ಟಿಕೊಳ್ಳುವುದನ್ನು ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

5. ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳು

ಚೂಡಿದಾರ, ಕುರ್ತಾ ಬಹಳಷ್ಟು ಆಫೀಸುಗಳಲ್ಲಿ ನಡೆಯುತ್ತದೆ. ಸೇರುವ ಮೊದಲು ಎಚ್‌ಆರ್‌ಗೆ ಒಂದು ಮಾತು ಕೇಳಿ. ಭುಜ, ಮೊಣಕಾಲು ಮುಚ್ಚಿರಲಿ. ಅದು ಇಲ್ಲಿನ ಮರ್ಯಾದೆಯೂ ಹೌದು, ಬಿಸಿಲಿಗೆ ಒಳ್ಳೆಯದೂ ಹೌದು. ಜಾರ್ಜೆಟ್, ಶಿಫಾನ್ ನೋಡಲು ಹಗುರ, ಆದರೆ ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಿನಂಶ ಪಾಲಿಯೆಸ್ಟರ್. ಕುರ್ತಾ ಹತ್ತಿಯದಾಗಿದ್ದು ಕೆಳಗೆ ನೈಲಾನ್ ಲೆಗಿಂಗ್ಸ್ ಹಾಕಿದರೆ ತೊಡೆಗೆ ಬೆವರುಸಾಲೆ ಗ್ಯಾರಂಟಿ. ಸಡಿಲ ಹತ್ತಿ ಪ್ಯಾಂಟು ಅಥವಾ ಪಲಾಝೋ ಒಳ್ಳೆಯದು.

ಸೀರೆ ಉಡುವವರಿಗೆ ಉಡುಪಿ ಕೈಮಗ್ಗದ ಹತ್ತಿ ಸೀರೆ ಹೇಳಿ ಮಾಡಿಸಿದ ಹಾಗಿದೆ. ಗಂಜಿ ಮಾತ್ರ ತೆಳುವಾಗಿ ಹಾಕಿ. ಗಟ್ಟಿ ಗಂಜಿ ನೂಲಿನ ಸಂದು ಮುಚ್ಚಿಬಿಡುತ್ತದೆ, ಗಾಳಿ ಆಡುವುದಿಲ್ಲ. ಆಫೀಸಿನ ಎಸಿಗೆ ಒಂದು ಹತ್ತಿ ಶಾಲು ಕುರ್ಚಿಯ ಮೇಲೇ ಇರಲಿ. ಸೈಟಿಗೆ ಹೋಗುವ ದಿನ ಸೀರೆ, ದುಪಟ್ಟಾ ಎರಡೂ ಬೇಡ. ಯಂತ್ರಕ್ಕೆ ಸಿಕ್ಕಿಕೊಳ್ಳುವ ಬಟ್ಟೆ ಯಾವುದೂ ಬೇಡ.

6. ಶೂ

ಇದೊಂದನ್ನು ನನ್ನ ಅನುಭವದಿಂದಲೇ ಹೇಳಬೇಕು. ಬಂದ ಮೊದಲ ಬೇಸಿಗೆಯಲ್ಲಿ ಒಳ್ಳೆಯ ಶೂ ಹಾಳಾಗದಿರಲಿ ಅಂತ ಕಾರಿನ ಡಿಕ್ಕಿಯಲ್ಲಿ ಇಡುತ್ತಿದ್ದೆ. ಮೀಟಿಂಗ್ ಇದ್ದ ದಿನ ಮಾತ್ರ ಹಾಕುವುದು. ಒಂದು ದಿನ ಕ್ಲೈಂಟ್ ಆಫೀಸಿನ ಲಾಬಿಯ ಅಮೃತಶಿಲೆಯ ಮೇಲೆ ನಡೆಯುತ್ತಿದ್ದಾಗ ಬಲಗಾಲಿನ ಅಡಿಭಾಗ ಪೂರ್ತಿ ಕಳಚಿ ಹಿಂದೆ ಉಳಿಯಿತು. ಎರಡು ಹೆಜ್ಜೆ ಮುಂದೆ ಹೋದ ಮೇಲೆ ನನಗೆ ಗೊತ್ತಾಯಿತು. ರಿಸೆಪ್ಷನ್‌ನಲ್ಲಿದ್ದವರು ಅದನ್ನು ಎತ್ತಿ ಕೊಟ್ಟರು. ಕಾರಿನ ಬಿಸಿಗೆ ಅಂಟು ಕರಗಿ ಹೋಗಿತ್ತು. ಶೂ ಕಾರಿನಲ್ಲಿ ಇಡಬೇಡಿ. ಕೊಳ್ಳುವಾಗ ಅಂಟಿಸಿದ್ದಕ್ಕಿಂತ ಹೊಲಿದ ಅಡಿ ಇರುವುದು ತಗೊಳ್ಳಿ.

ರೆಕ್ಸಿನ್ ಬೇಡ, ಚರ್ಮದ್ದೇ ಇರಲಿ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಒಂದು ದಿನದ ಬೆವರು ಆರಲು ಶೂಗೆ ಇಡೀ ಒಂದು ದಿನ ಬೇಕು.

7. ಸೈಟಿಗೆ ಹೋಗುವ ದಿನ

ಕವರಾಲ್ ಅಂದರೆ ಅಂಗಿ, ಪ್ಯಾಂಟು ಸೇರಿಸಿ ಹೊಲಿದ ಕೆಲಸದ ಉಡುಪು. ಒಂದು ಸೈಜು ದೊಡ್ಡದೇ ಕೇಳಿ ಪಡೆಯಿರಿ. ಸೆಖೆ ಅಂತ ಮೇಲಿನ ಭಾಗ ಕಳಚಿ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವವರು ಇದ್ದಾರೆ. ಬಿಸಿಲೂ ತಾಗುತ್ತದೆ, ಸೇಫ್ಟಿ ಆಫೀಸರ್ ಬೈಗುಳವೂ ಸಿಗುತ್ತದೆ.

ತೈಲ, ಗ್ಯಾಸ್ ಘಟಕಗಳಲ್ಲಿ ‘ಎಫ್‌ಆರ್’ ಕವರಾಲ್ ಕೊಡುತ್ತಾರೆ, ಬೆಂಕಿ ತಗುಲಿದರೆ ಹೊತ್ತಿ ಉರಿಯದ ಬಟ್ಟೆಯದ್ದು. ಅದರೊಳಗೆ ಕ್ರೀಡೆಯ ಪಾಲಿಯೆಸ್ಟರ್ ಟೀ ಶರ್ಟು ಹಾಕಲೇಬಾರದು. ಬೆಂಕಿಯ ಝಳ ತಾಗಿದರೆ ಹೊರಗಿನ ಕವರಾಲ್ ಉಳಿಯುತ್ತದೆ, ಒಳಗಿನ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಒಳಗೆ ಹತ್ತಿಯೇ ಇರಬೇಕು.

ಹೆಲ್ಮೆಟ್ಟಿಗೆ ಹಿಂದೆ ಕುತ್ತಿಗೆ ಮುಚ್ಚುವ ಬಟ್ಟೆ ಸಿಗುತ್ತದೆ, ಹಾಕಿಸಿಕೊಳ್ಳಿ. ಕಿವಿ, ಮುಖ, ಮುಂಗೈಗೆ ಸನ್‌ಸ್ಕ್ರೀನ್ ಹಚ್ಚಿ. ತಂಪು ಕೊಡುವ ಜಾಕೆಟ್ಟುಗಳಲ್ಲಿ ಎರಡು ಬಗೆ. ನೀರಿನಲ್ಲಿ ನೆನೆಸಿ ಹಾಕುವಂಥದ್ದು ರಿಯಾದ್‌ನ ಒಣ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆಗಸ್ಟ್‌ನ ದುಬೈನಲ್ಲಿ ಅದು ಬರೀ ಒದ್ದೆ ಗೋಣಿಚೀಲ, ನೀರು ಆರುವುದೇ ಇಲ್ಲ. ಅಲ್ಲಿಗೆ ಮಂಜುಗಡ್ಡೆಯ ಪ್ಯಾಕ್ ಇಡುವ ಜಾಕೆಟ್ಟೇ ಬೇಕು.

ಮಧ್ಯಾಹ್ನದ ವಿರಾಮ ಕಾನೂನು, ಯಾರೋ ಮಾಡುವ ಉಪಕಾರ ಅಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಮುರಿದರೆ ಕಂಪನಿಗೆ ಒಬ್ಬ ಕೆಲಸಗಾರನಿಗೆ 5,000 ದಿರ್ಹಮ್‌ನಂತೆ ದಂಡ ಬೀಳುತ್ತದೆ. ಸೌದಿಯಲ್ಲಿ ಅದೇ ತಾರೀಕುಗಳು, ಸಮಯ 12ರಿಂದ 3. ಕುವೈತ್‌ನಲ್ಲಿ ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು 11ರಿಂದ 4. ಕತಾರ್‌ನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30. ತುರ್ತು ರಿಪೇರಿಯಂಥ ಕೆಲವು ಕೆಲಸಗಳಿಗೆ ವಿನಾಯಿತಿ ಇದೆ. ಇಂಜಿನಿಯರ್ ಆಗಿ ಹೋಗುವವರು ನೆನಪಿಡಿ: ನಿಮ್ಮ ಇನ್‌ಸ್ಪೆಕ್ಷನ್ 12 ಗಂಟೆಗೆ ಇಟ್ಟುಕೊಂಡರೆ ನಿಮ್ಮ ಜೊತೆ ಹತ್ತು ಜನ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ. ಬೆಳಿಗ್ಗೆ 6ಕ್ಕೆ ಇಟ್ಟುಕೊಳ್ಳಿ.

8. ಮನೆಯಿಂದ ಆಫೀಸಿಗೆ ಇಸ್ತ್ರಿ ಸಮೇತ ತಲುಪುವುದು

ಬೇಸಿಗೆಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ. ಟ್ಯಾಂಕು ತಾರಸಿಯ ಮೇಲೆ ಕಾಯುತ್ತಿರುತ್ತದೆ, ಅಲ್ವಾ? ಹಳಬರೆಲ್ಲ ಮಾಡುವ ಉಪಾಯ ಕೇಳಿ. ಮೇ ತಿಂಗಳಲ್ಲಿ ಗೀಸರ್ ಸ್ವಿಚ್ ಆಫ್ ಮಾಡಿಬಿಡಿ. ಅದರೊಳಗಿನ ನೀರು ರಾತ್ರಿಯಿಡೀ ಎಸಿ ಮನೆಯೊಳಗೆ ಇದ್ದು ತಣ್ಣಗಾಗುತ್ತದೆ. ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರಿನ ನಲ್ಲಿ ತಿರುಗಿಸಿ. ತಣ್ಣೀರು ಬರುತ್ತದೆ! ಒಬ್ಬರ ಸ್ನಾನಕ್ಕೆ ಸಾಕು, ಎರಡನೆಯವರು ಕಾಯಬೇಕು.

ಸ್ನಾನ ಮಾಡಿ ಮೈ ಪೂರ್ತಿ ಒರೆಸಿ, ಐದು ನಿಮಿಷ ಎಸಿಯಲ್ಲಿ ಕೂತು ಆಮೇಲೆ ಅಂಗಿ ಹಾಕಿ. ಬಿಸಿ ಮೈಗೆ ಅಂಗಿ ಹಾಕಿದರೆ ಲಿಫ್ಟ್ ಇಳಿಯುವಷ್ಟರಲ್ಲಿ ಒದ್ದೆ.

ಕಾರು ಹತ್ತುವ ಮೊದಲು ಎಲ್ಲ ಗಾಜು ಇಳಿಸಿ, ಒಂದು ನಿಮಿಷ ಬಿಸಿಗಾಳಿ ಹೊರಗೆ ಹೋಗಲಿ. ಆಮೇಲೆ ಎಸಿ. ಸೀಟ್‌ಬೆಲ್ಟಿನ ಕಬ್ಬಿಣದ ತುಂಡು ಕೈ ಸುಡುತ್ತದೆ, ಪ್ಲಾಸ್ಟಿಕ್ ಭಾಗ ಹಿಡಿಯಿರಿ. ಸ್ಪ್ರೇ ಡಬ್ಬಿ, ಲೈಟರ್, ಪವರ್ ಬ್ಯಾಂಕ್ ಯಾವುದನ್ನೂ ಕಾರಿನಲ್ಲಿ ಬಿಡಬೇಡಿ, ಸಿಡಿಯುತ್ತವೆ. ದುಬೈ ಮೆಟ್ರೋದಲ್ಲಿ ಹೋಗುವವರು ಹತ್ತುವ ಮೊದಲೇ ನೀರು ಕುಡಿದುಬಿಡಿ. ಒಳಗೆ ತಿನ್ನುವುದು, ಕುಡಿಯುವುದು ಎರಡಕ್ಕೂ 100 ದಿರ್ಹಮ್ ದಂಡ.

ಮೀಟಿಂಗಿಗೆ ಹತ್ತು ನಿಮಿಷ ಮೊದಲೇ ತಲುಪಿ ನೇರ ವಾಶ್‌ರೂಮಿಗೆ ಹೋಗಿ. ಮುಖ, ಕುತ್ತಿಗೆ, ಮಣಿಕಟ್ಟು ತೊಳೆಯಿರಿ, ಬನಿಯನ್ ಬದಲಿಸಿ. ಬ್ಯಾಗಿನಲ್ಲಿ ಒಂದು ಬನಿಯನ್, ಒಂದು ಜೊತೆ ಸಾಕ್ಸ್, ಸಣ್ಣ ಟವೆಲ್, ಬಾಚಣಿಗೆ ಯಾವಾಗಲೂ ಇರಲಿ. ಬೆವರಿನ ಮೇಲೆ ಸೆಂಟು ಸುರಿದುಕೊಳ್ಳಬೇಡಿ. ಪಕ್ಕದಲ್ಲಿ ಕೂತವರಿಗೆ ಅದು ಬೆವರಿಗಿಂತ ಕಷ್ಟ.

9. ನೀರು, ಉಪ್ಪು ಮತ್ತು ಮೊದಲ ಎರಡು ವಾರ

ಹೊರಗೆ ಕೆಲಸ ಮಾಡುವಾಗ 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಬಾಯಾರಿಕೆ ಇರಲಿ ಬಿಡಲಿ. ಆದರೆ ಗಂಟೆಗೆ ಒಂದೂವರೆ ಲೀಟರ್ ದಾಟಬೇಡಿ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅದೂ ಅಪಾಯ. ತಾಸುಗಟ್ಟಲೆ ಬೆವರಿದ ದಿನ ಒಆರ್‌ಎಸ್ ಬೇಕು. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಇಲ್ಲದಿದ್ದರೆ ಯಾವುದೇ ಬಕಾಲಾಗೆ, ಅಂದರೆ ಚಿಕ್ಕ ದಿನಸಿ ಅಂಗಡಿಗೆ, ಹೋಗಿ ಲಬಾನ್ ಕೇಳಿ. ನಮ್ಮ ಮಜ್ಜಿಗೆಯ ಗಟ್ಟಿ ತಮ್ಮ. ನೀರು, ಚಿಟಿಕೆ ಉಪ್ಪು ಹಾಕಿ ಕುಡಿಯಿರಿ. ಬಿಪಿ, ಕಿಡ್ನಿ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ನೀರಿನಂಶ ಹೊರಹಾಕುವ ಬಿಪಿ ಮಾತ್ರೆ, ಕೆಲವು ಅಲರ್ಜಿ ಮಾತ್ರೆಗಳು ಬಿಸಿಲಿನ ಅಪಾಯ ಹೆಚ್ಚಿಸುತ್ತವೆ. ಬರುವ ಮೊದಲೇ ನಿಮ್ಮ ಮಾತ್ರೆಗಳ ಬಗ್ಗೆ ವಿಚಾರಿಸಿ.

ಸಾಕಷ್ಟು ಕುಡಿದಿದ್ದೀರಾ ಅಂತ ಮೂತ್ರದ ಬಣ್ಣ ಹೇಳುತ್ತದೆ. ತಿಳಿ ನಿಂಬೆ ಶರಬತ್ತಿನ ಹಾಗಿದ್ದರೆ ಸರಿ. ಕಡು ಹಳದಿಯಾದರೆ ಕುಡಿಯಿರಿ. ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹೊಸಬರ ದೇಹ ಈ ಬಿಸಿಲಿಗೆ ಒಗ್ಗಲು 7ರಿಂದ 14 ದಿನ ಬೇಕು. ಮೊದಲ ದಿನ ಹೊರಗಿನ ಕೆಲಸದ ಐದರಲ್ಲಿ ಒಂದು ಪಾಲು ಮಾತ್ರ ಮಾಡಿ, ದಿನಕ್ಕೆ ಅಷ್ಟಷ್ಟೇ ಏರಿಸುತ್ತಾ ಹೋಗಿ. ರಜೆಗೆ ಊರಿಗೆ ಹೋಗಿ ಮಳೆಯಲ್ಲಿ ಒಂದು ತಿಂಗಳಿದ್ದು ಬಂದವರೂ ಮತ್ತೆ ಹೊಸಬರೇ. ‘ನಾನು ಇಲ್ಲಿ ಹತ್ತು ವರ್ಷದಿಂದ ಇದ್ದೀನಿ’ ಅನ್ನುವ ಜಂಬ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

10. ನಿಲ್ಲಿಸಬೇಕಾದ ಹೊತ್ತು

ತಲೆನೋವು, ವಾಕರಿಕೆ, ತಲೆಸುತ್ತು, ಕಾಲಿನ ಸ್ನಾಯು ಸೆಳೆತ. ಇವು ಬಂದರೆ ಕೆಲಸ ಬಿಟ್ಟು ನೆರಳಿಗೆ ಬನ್ನಿ, ಗುಂಡಿ ಸಡಿಲಿಸಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ.

ಪಕ್ಕದವರು ಅಸಂಬದ್ಧ ಮಾತಾಡಿದರೆ, ತೂರಾಡಿದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ದೇಹದ ಬಿಸಿ 40 ಡಿಗ್ರಿ ದಾಟಿರುತ್ತದೆ. ಮೈ ಒಣಗಿರಲೇಬೇಕೆಂದಿಲ್ಲ, ಬೆವರುತ್ತಲೂ ಇರಬಹುದು. ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿ. ಅದು ಬರುವವರೆಗೆ ಸುಮ್ನೆ ಕಾಯಬೇಡಿ. ಮೇಲಿನ ಬಟ್ಟೆ ತೆಗೆದು ಮೈಮೇಲೆ ನೀರು ಸುರಿಯಿರಿ, ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಆಂಬುಲೆನ್ಸ್ ನಂಬರ್ ಯುಎಇಯಲ್ಲಿ 998, ಸೌದಿಯಲ್ಲಿ 997, ಕುವೈತ್‌ನಲ್ಲಿ 112, ಕತಾರ್ ಮತ್ತು ಬಹರೈನ್‌ನಲ್ಲಿ 999, ಒಮಾನ್‌ನಲ್ಲಿ 9999. ನಂಬರ್ ಜೊತೆಗೆ ನಿಮ್ಮ ಸೈಟಿನ ಪ್ಲಾಟ್ ನಂಬರ್, ಗೇಟ್ ನಂಬರ್, ಮ್ಯಾಪಿನ ಲೊಕೇಶನ್ ಮೂರನ್ನೂ ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಮರಳಿನ ನಡುವಿನ ಸೈಟಿಗೆ ಬೀದಿ ಹೆಸರು ಇರುವುದಿಲ್ಲ, ಫೋನ್ ಎತ್ತಿದವರು ಮೊದಲು ಕೇಳುವುದು ‘ಎಲ್ಲಿದ್ದೀರಿ’ ಅಂತಲೇ.